ಹನ್ನೆರಡು ದೇಟು

ದ್ರಾಕ್ಷಿ ದೇಟು ಕೊಯ್ದ ಕೈ ಇದು.
ಉಮದಿಯ ತ್ವಾಟಗಳಾಗ ಹದಿನಾಕು ವರ್ಷ
ಹೂಗೊಂಚಲದ ಎದುರಿನ ಎಲಿ ಹುಡುಕಿ,
ಸಾಲಿನ ನಂಬರ ಬರದು,
ಕಾಗದದ ಚೀಲದಾಗ ಹಾಕಿ ಸಾಂಗ್ಲಿಗೆ ಕಳಸೀನಿ.
ಪ್ಲಾಸ್ಟಿಕ್ ಬ್ಯಾಡ.
ಎಲಿಗೂ ದಾರ್ಯಾಗ ಬೆವರು ಬರತದ.

ಈ ಸಲ ಹೊಲ ನಂದು, ಬಳ್ಳಿ ನಂದು.
ಪೋಸ್ಟಿನಾಗ ಬಂದ ಐದು ಬೀಜದಾಗ ಒಂದ ಹುಟ್ಟಿ
ಈಗ ಅದರ ಕಾಯಿ
ಗೋಣಿತಟ್ಟಿನ ಮ್ಯಾಲ ಎಮ್ಮಿ ಕರದಂಗ ಮಲಗ್ಯದ.
ಮುಂಜಾನೆ ಒಂದು ಅಳತಿ, ಸಂಜಿಗೆ ಒಂದು.
ನಿನ್ನೆ ಒಂದ ರಾತ್ರ್ಯಾಗ ಮೂರು ಬಟ್ಟ ದಪ್ಪಾಗ್ಯದ.
ಅಮಸಿದ್ಧ ಮಾವ ಬಗ್ಗಿ, ಬಡದು ನೋಡಿ ಅಂದ:
‘ಇನ್ನೊಂದು ಮುಟಗಿ ಯೂರಿಯಾ ಒಗಿ, ಸೋನವ್ವ.’
ಎಲಿ ಛತ್ರಿಯಂಗ ಹರಡ್ಯಾವ, ಕಡುಹಸರ.
ಹಸದವರು ಹಿಂಗ ಇರ್ತಾರಂತ ಯಾರು ಅಂತಾರ?

ಆದ್ರೂ ಕೊಯ್ದೆ.
ತುದಿ ಎಲಿ ಬ್ಯಾಡ. ಅದು ಮನಿ ಕೂಸು,
ಗಡಗ್ಯಾಗ ಹಿಟ್ಟಿಲ್ಲಂದ್ರೂ ಅದಕ್ಕ ಹಾಲು ಸಿಗತದ.
ಬುಡದ್ದೂ ಬ್ಯಾಡ, ಹಂಚಿಹಂಚಿ ಖಾಲಿಯಾದದ್ದು
ಲೆಕ್ಕಕ್ಕ ಬರೂದಿಲ್ಲ.
ಈಗಷ್ಟ ಪೂರ್ತಿ ಬಿಚ್ಚಿದ್ದು, ದುಡಿಯೂ ವಯಸ್ಸಿಂದು,
ಅದನ್ನ ಕೇಳಬೇಕು.
ಹೊತ್ತೇರೂ ಮೊದಲ, ಕವಲಿಗೆ ಒಂದರಂಗ,
ಬ್ಯಾಟರಿಗೆ ಹಾಕೂ ನೀರಾಗ ಅದ್ದಿ ತೊಳದು.

ಕುಂಬಳದ ದೇಟು ಒಳಗ ಪೊಳ್ಳು, ಹೊರಗ ಮುಳ್ಳು.
ಕೊಯ್ದಲ್ಲಿ ನೀರು ಬಂತು.
ಹನ್ನೆರಡು.

ಎಂಟು ದಿನಕ್ಕ ಹಾಳಿ ಬಂತು, ಮರಾಠ್ಯಾಗ:
ನತ್ರ, ಸ್ಫುರದ, ಪಾಲಾಶ.
ನಾ ಕನ್ನಡ ಸಾಲ್ಯಾಗ ಕಲತದ್ದು ಸಾರಜನಕ, ರಂಜಕ.
ಬಳ್ಳಿಗೆ ಎರಡೂ ಭಾಷಾ ತಿಳೀದು,
ಸುಮ್ಮನ ಉಣತದ.
ಹೆಸರಿನ ಬಾಜೂಕ ಅಂಕಿ. ಅದರ ಬಾಜೂಕ
‘ಎಷ್ಟಿರಬೇಕು’ ಅನ್ನೂ ಸಾಲಿನಾಗ
ಬರೀ ಗೆರಿ. ಮ್ಯಾಲಿಂದ ತಳತನಾ ಬರೀ ಗೆರಿ.

ಫೋನ್ ಹಚ್ಚಿದೆ. ಲ್ಯಾಬಿನ ಪೋರಿ ನಕ್ಕಳು:
‘ದ್ರಾಕ್ಷಿದು ಅದ, ದಾಳಿಂಬ್ರಿದು ಅದ, ಬಾಳಿದು ಅದ.
ಅಷ್ಟು ದೊಡ್ಡ ಕುಂಬಳಕ್ಕ ಎಷ್ಟಿರಬೇಕಂತ
ನಮಗೂ ಯಾರೂ ಹೇಳಿಲ್ಲ, ಮಾವಶಿ.’

ಎರಡು ದಿನ ಆ ಗೆರಿ ನೋಡಕೋತ ಕುಂತೆ.
ಮೂರನೇ ದಿನ ಒಲಿಬೂದಿ ಚೆಲ್ಲಾಕ ತಿಪ್ಪಿಗೆ ಹೋದಾಗ
ಕಾಲಿಗೆ ತೊಡರಿತು
ಯಾರೂ ಊರದ, ಯಾರೂ ಅಳೀದ ಒಂದು ಬಳ್ಳಿ.
ಕಾಯಿ ತಂಬಿಗಿಯಷ್ಟ. ಸಿಪ್ಪಿ ಕಲ್ಲು.
ಅದರವೂ ಹನ್ನೆರಡು ಕೊಯ್ದೆ.

ಎರಡನೇ ಹಾಳಿ ಮೊದಲನೇದರ ಮಗ್ಗಲಕ ಇಟ್ಟೆ.
ನತ್ರ ನಂದರಾಗ ಉಕ್ಕಿ ಚೆಲ್ಲೂವಷ್ಟು.
ಸುಣ್ಣ ತಿಪ್ಪಿದರಾಗ ನಂದರ ಎರಡು ಪಟ್ಟು
(ಸುಣ್ಣ ಹಠಮಾರಿ, ಒಮ್ಮಿ ಕುಂತ ಎಲಿ ಬಿಟ್ಟು ಕದಲೂದಿಲ್ಲ).
ಬೋರಾನ್ ನಂದರಾಗ ಹೆಸರಿಗಷ್ಟ.
ಅಂದ್ರ ಇಷ್ಟು ದಿನ ನಾ ಮೈಗೆ ಉಣಸೀನಿ,
ಚರ್ಮಕ್ಕ ಏನೂ ಕೊಟ್ಟಿಲ್ಲ.
ಇನ್ನೊಂದು ಮುಟಗಿ ಒಗದಿದ್ರ
ಯಾವುದೋ ಒಂದು ರಾತ್ರಿ ಟಪ್ಪಂತ ಸೀಳ್ತಿತ್ತು,
ನಾ ಅದನ್ನ ಬೆಕ್ಕಿನ ಸಪ್ಪಳ ಅಂದಕೊಂಡು ಮಲಗತಿದ್ದೆ.

ಯೂರಿಯಾ ಚೀಲದ ಬಾಯಿ ಕಟ್ಟಿದೆ.
ಬುಡಕ್ಕ ಜಿಪ್ಸಮ್. ಬೋರಾನ್ ಚಮಚದ ತುದಿಯಷ್ಟ,
ಹೆಚ್ಚಾದ್ರ ಅದೂ ವಿಷ.
ದಿನದ ಅಳತಿ ಮೂರು ಬಟ್ಟಿನಿಂದ ಒಂದಕ್ಕ ಇಳೀತು.
ಅಮಸಿದ್ಧ ಮಾವ ವಾರ ಮಾತಾಡಲಿಲ್ಲ.

ಬೇದಾಣಿ ತೂಗೂ ಕಾಟಾಕ್ಕ ಅದನ್ನ ಏರಸಾಕ
ಇನ್ನೂ ಒಂಬತ್ತು ದಿನ ಅದ.
ಎಷ್ಟಾದೀತು ಅಂತಾರ. ನನಗೇನು ಗೊತ್ತು.

ಹಸಿವಿ ಅದನೋ ಇಲ್ಲೋ ಅಂತ ಕೇಳಾಕ
ಉಣ್ಣೂ ಕೈಯಾಗಿನ ಹನ್ನೆರಡು ಗಂಗಾಳ ಕಸಗೊಂಡೀನಿ,
ಅಷ್ಟು ಗೊತ್ತದ.
ಬಳ್ಳಿಗುಂಟ ಮೊಂಡ ತುದಿ ಒಣಗಿ ನಿಂತಾವ.
ನೀರು ಹಾಯಿಸೂವಾಗ ಸೀರಿಗೆ ತಾಗತಾವ.